ನ್ಯಾರೋಗೇಜ್ ರೈಲಿನ ಗುರುತು ನಿಲ್ದಾಣದ ಗೋಡೆಯಲ್ಲಷ್ಟೇ ಇಲ್ಲ

ಮಾನ್ಯ ಸಂಪಾದಕರೆ,

ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳ ಹಳೆಯ ಕಟ್ಟಡಗಳನ್ನು ಉಳಿಸಲು ಪರಂಪರೆ ಕಾಪಾಡುವ ಸಂಸ್ಥೆ ಇಂಟ್ಯಾಕ್ ಮತ್ತು ನೈಋತ್ಯ ರೈಲ್ವೆ ಕೈಜೋಡಿಸಿರುವುದು ಒಳ್ಳೆಯ ಕೆಲಸ. ಅದರ ಬಗ್ಗೆ ಪತ್ರಿಕೆಗಳಲ್ಲಿ ಬಂದ ಬರಹಗಳಲ್ಲಿ ಕಟ್ಟಡ, ಹೆಂಚು, ಕಮಾನು, ಟಿಕೆಟ್ ಕಿಟಕಿಗಳ ವರ್ಣನೆ ಸಾಕಷ್ಟಿದೆ. ರೈಲುಮಾರ್ಗದ್ದು ಮಾತ್ರ ಇಲ್ಲ. ಯಲಹಂಕದಿಂದ ಬಂಗಾರಪೇಟೆಯವರೆಗಿನ ಸುಮಾರು 149 ಕಿ.ಮೀ.ನಲ್ಲಿ ನಿಲ್ದಾಣಗಳು ಬೆರಳೆಣಿಕೆಯವು. ಉಳಿದದ್ದೆಲ್ಲ ಹಳಿ ಹೊತ್ತ ಮಣ್ಣಿನ ಏರಿ, ಅದರಡಿ ನೀರು ಹರಿಯುವ ಮೋರಿ, ತಿರುವು, ಕಂಬಿ ಮತ್ತು ಮರ. ಜೋಡಿಹಳಿಯ ಬೇಡಿಕೆ ಒಂದು ಕಡೆ, ದೇವನಹಳ್ಳಿಯವರೆಗಿನ ಉಪನಗರ ರೈಲಿನ 'ಸಂಪಿಗೆ' ಮಾರ್ಗ ಇನ್ನೊಂದು ಕಡೆ. ಇವು ಕಾರ್ಯರೂಪಕ್ಕೆ ಬರುವಾಗ ಮೊದಲು ಮಣ್ಣು ಬೀಳುವುದು ಈ ಹಳೆಯ ಏರಿ–ಮೋರಿಗಳ ಮೇಲೆಯೇ. ಕೆಲಸ ಶುರುವಾಗುವ ಮೊದಲೇ ಅವುಗಳನ್ನು ಒಮ್ಮೆ ಅಳೆದು ದಾಖಲಿಸಿಕೊಳ್ಳಬೇಕು ಎಂಬುದು ನಮ್ಮ ಬೇಡಿಕೆ. ಏನನ್ನು ಅಳೆಯಬೇಕು, ಹೇಗೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ಊರಿನ ಶಾಲೆ–ಕಾಲೇಜಿನ ಮೇಷ್ಟ್ರುಗಳೂ ಮಾಡಬಹುದಾದ ಕೆಲಸವಿದು.

ಮೊದಲು ಮಾರ್ಗದ ಕಥೆ, ಚುಟುಕಾಗಿ. ಆಗ ಬೌರಿಂಗ್‌ಪೇಟೆ ಎನ್ನುತ್ತಿದ್ದ ಬಂಗಾರಪೇಟೆಯಿಂದ ಕೋಲಾರಕ್ಕೆ ಮೈಸೂರು ಸಂಸ್ಥಾನದ ನ್ಯಾರೋಗೇಜ್ ಹಳಿ 1913ರಲ್ಲಿ ತೆರೆಯಿತು. ಯಶವಂತಪುರ–ಯಲಹಂಕ–ದೇವನಹಳ್ಳಿ–ಚಿಕ್ಕಬಳ್ಳಾಪುರ ಭಾಗ 1915ರಲ್ಲಿ ಬಂತು, 1918ರಲ್ಲಿ ಬೆಂಗಳೂರಿಗೆ ಕೂಡಿಕೊಂಡಿತು. ನಡುವೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ. ಎರಡು ಕಂಬಿಗಳ ನಡುವಿನ ಅಗಲ, ಅಂದರೆ ಗೇಜ್, 2 ಅಡಿ 6 ಅಂಗುಲ, 762 ಮಿ.ಮೀ. ಎರಡೂ ತುದಿಗಳು 1990ರ ದಶಕದಲ್ಲಿ ಬ್ರಾಡ್‌ಗೇಜ್ ಆದವು. ಚಿಕ್ಕಬಳ್ಳಾಪುರ–ಕೋಲಾರ ನಡುವಿನ ಸುಮಾರು 85 ಕಿ.ಮೀ. ಮಾತ್ರ 2013ರ ನವೆಂಬರ್‌ವರೆಗೆ ಕಾಯಬೇಕಾಯಿತು.

ಇಷ್ಟು ಹೇಳಿದರೆ ಈ ಮಾರ್ಗದ ಮುಖ್ಯ ಸಮಸ್ಯೆ ಕಾಣುವುದಿಲ್ಲ. ಬಂಗಾರಪೇಟೆಯಲ್ಲಿ 1864ರಿಂದಲೂ ಮದ್ರಾಸಿನ ಕಡೆಯ ಬ್ರಾಡ್‌ಗೇಜ್, 1676 ಮಿ.ಮೀ. ಯಲಹಂಕ, ಯಶವಂತಪುರಗಳಲ್ಲಿ ಗುಂತಕಲ್ ಕಡೆಯ ಮೀಟರ್‌ಗೇಜ್, 1000 ಮಿ.ಮೀ. ನಡುವೆ 762. ಚಿಂತಾಮಣಿಯಲ್ಲಿ ಗಾಡಿ ಹತ್ತಿದ ಹುಣಸೆಹಣ್ಣಿನ ಮೂಟೆ ಯಾವ ದಿಕ್ಕಿಗೆ ಹೊರಟರೂ ದೂರದ ಊರು ಸೇರಲು ಒಮ್ಮೆ ಇಳಿದು ಹತ್ತಲೇಬೇಕು.

ಹೀಗೇಕೆ ಕಟ್ಟಿದರು ಎಂದು ಈಗ ಕೇಳುವುದು ಸುಲಭ. ಆಗಿನ ಲೆಕ್ಕ ಬೇರೆ ಇತ್ತು. ಕಂಬಿಯ ಕೆಳಗೆ ಅಡ್ಡ ಹಾಸುವ ಮರ, ಅಂದರೆ ಸ್ಲೀಪರ್, ಬ್ರಾಡ್‌ಗೇಜಿನಲ್ಲಿ 9 ಅಡಿ ಉದ್ದ, 10 ಅಂಗುಲ ಅಗಲ, 5 ಅಂಗುಲ ದಪ್ಪ. ಒಂದಕ್ಕೆ 3 ಘನ ಅಡಿಗಿಂತ ಹೆಚ್ಚು ಮರ. ಮೀಟರ್‌ಗೇಜಿನದು 6 ಅಡಿ ಉದ್ದ, ಒಂದೂವರೆ ಘನ ಅಡಿ. ಎರಡೂವರೆ ಅಡಿ ಗೇಜಿಗೆ 5 ಅಡಿಯ ತುಂಡು, ಸುಮಾರು 1 ಘನ ಅಡಿ ಸಾಕು. 30 ಅಡಿ ಕಂಬಿಗೆ 13 ಸ್ಲೀಪರ್ ಎಂದು ಹಿಡಿದರೂ ಮೈಲಿಗೆ 2,288 ಸ್ಲೀಪರ್ ಬೇಕು. ಮರದಲ್ಲೇ ಮೂರರಲ್ಲಿ ಎರಡು ಪಾಲು ಉಳಿತಾಯ. ಕಂಬಿಯಲ್ಲೂ ಹಾಗೆಯೇ. ಗಜಕ್ಕೆ 35 ಪೌಂಡಿನ ಕಂಬಿ ಮೀಟರಿಗೆ 17.4 ಕಿಲೋ ತೂಗುತ್ತದೆ, ಎರಡು ಸಾಲಿಗೆ ಕಿ.ಮೀ.ಗೆ ಸುಮಾರು 35 ಟನ್ ಉಕ್ಕು. 90 ಪೌಂಡಿನ ಮುಖ್ಯಮಾರ್ಗದ ಕಂಬಿಗೆ 89 ಟನ್. ಇಂದು ಹಾಕುವ 60 ಕಿಲೋ ಕಂಬಿಗೆ 120 ಟನ್. ಏರಿಯ ತಲೆ 6 ಮೀಟರಿನ ಬದಲು 3.7 ಮೀಟರ್ ಇದ್ದರೆ ಸಾಕು. ಎಲ್ಲಕ್ಕಿಂತ ದೊಡ್ಡ ಉಳಿತಾಯ ತಿರುವಿನಲ್ಲಿ. ಗುಡ್ಡ ಅಡ್ಡ ಬಂದರೆ ಕೊರೆಯುವುದಲ್ಲ, ಸುತ್ತಿ ಹೋಗುವುದು. ನಮ್ಮ ರೈಲ್ವೆಯ ನಿಯಮದಲ್ಲಿ ಬ್ರಾಡ್‌ಗೇಜಿನ ಅತಿ ಬಿಗಿ ತಿರುವಿನ ತ್ರಿಜ್ಯ 175 ಮೀಟರ್, ಮೀಟರ್‌ಗೇಜಿನದು 109, ನ್ಯಾರೋಗೇಜಿನದು ಬರೀ 44. ನಂದಿ ಬೆಟ್ಟದ ಮಗ್ಗುಲಿನ ಬಂಡೆ ಸೀಮೆಯಲ್ಲಿ ಈ ವ್ಯತ್ಯಾಸಕ್ಕೆ ಎಷ್ಟು ಬೆಲೆ ಎಂದು ಬೇರೆ ಹೇಳಬೇಕಿಲ್ಲ.

ಎರಡೂವರೆ ಅಡಿ ಗೇಜಿನಲ್ಲಿ ನಿಜವಾದ ಭಾರ ಸಾಗಿಸಬಹುದು ಎಂದು ಭಾರತದಲ್ಲಿ ತೋರಿಸಿಕೊಟ್ಟದ್ದು ನಮ್ಮ ನೆರೆಯ ಬಾರ್ಸಿ ಲೈಟ್ ರೈಲ್ವೆ. ಎವರಾರ್ಡ್ ಕ್ಯಾಲ್‌ತ್ರಾಪ್ ಎಂಬ ಎಂಜಿನಿಯರು 1897ರಲ್ಲಿ ಕುರ್ಡುವಾಡಿಯಿಂದ ಬಾರ್ಸಿಗೆ ಅದನ್ನು ತೆರೆದರು. ಅವರ ಸೂತ್ರ ಒಂದೇ: ಎಂಜಿನ್ ಆಗಲಿ, ವ್ಯಾಗನ್ ಆಗಲಿ, ಪ್ರತಿ ಅಚ್ಚಿನ (ಗಾಲಿಜೋಡಿಯ ಇರುಸಿನ) ಮೇಲೂ 5 ಟನ್, ಅದಕ್ಕಿಂತ ಹೆಚ್ಚಿಲ್ಲ, ತುಂಬಿದಾಗ ಹೆಚ್ಚು ಕಡಿಮೆಯೂ ಇಲ್ಲ. ಅಚ್ಚಿನ ಭಾರ ಒಂದೇ ಸಮ ಇದ್ದರೆ ಹಗುರ ಕಂಬಿಯ ಶಕ್ತಿಯೆಲ್ಲ ಉಪಯೋಗಕ್ಕೆ ಬರುತ್ತದೆ. ನಾಲ್ಕು ಅಚ್ಚಿನ ಬೋಗಿ ವ್ಯಾಗನ್ ಒಟ್ಟು 20 ಟನ್. ಪ್ರೆಸ್ ಮಾಡಿದ ಉಕ್ಕಿನ ತಗಡಿನ ಚೌಕಟ್ಟಾದ್ದರಿಂದ ಅದರ ಬಹುಪಾಲು ಸರಕಿಗೇ ಉಳಿಯುತ್ತಿತ್ತು. ಆ ಮಾರ್ಗ 1927ರಲ್ಲಿ ಮೀರಜಿಗೆ ಬಂತು. ಬೆಳಗಾವಿ ಕಡೆಯಿಂದ ಪಂಢರಪುರಕ್ಕೆ ಹೊರಟ ವಾರಕರಿಗಳು ಮೀರಜಿನಲ್ಲಿ ಗಾಡಿ ಬದಲಿಸುತ್ತಿದ್ದುದು ಇದಕ್ಕಾಗಿಯೇ. 1954ರಲ್ಲಿ ಭಾರತ ಸರ್ಕಾರ ಕೊಂಡುಕೊಳ್ಳುವವರೆಗೆ ಅದು ಖಾಸಗಿ ಕಂಪನಿ.

ಆದರೂ ಎಷ್ಟೇ ಜಾಣ ವ್ಯಾಗನ್ ಮಾಡಿದರೂ ಗೇಜ್ ಬದಲಾಗುವಲ್ಲಿ ಮೂಟೆ ಇಳಿಸಲೇಬೇಕು. 15 ಟನ್ ಸರಕೆಂದರೆ ಕ್ವಿಂಟಾಲಿನ 150 ಮೂಟೆ. ಒಂದೊಂದಕ್ಕೂ ಕೊಕ್ಕೆ ಹಾಕಿ ಎಳೆಯಬೇಕು, ಹಲಗೆಯ ಮೇಲೆ ದಾಟಿಸಬೇಕು, ಆ ಕಡೆ ಅಟ್ಟಿ ಒಟ್ಟಬೇಕು. ಕೊಕ್ಕೆ ಬಿದ್ದ ಗೋಣಿಯಿಂದ ಕಾಳು ಸೋರುತ್ತದೆ, ಮಡಕೆ–ಹೆಂಚಾದರೆ ಒಡೆಯುತ್ತದೆ, ಮಾವಾದರೆ ಜಜ್ಜುತ್ತದೆ. ದೊಡ್ಡ ಗೇಜಿನ ಖಾಲಿ ವ್ಯಾಗನ್ ಆ ಹೊತ್ತಿಗೆ ಬಂದಿರದಿದ್ದರೆ ಮೂಟೆಗಳು ಪ್ಲಾಟ್‌ಫಾರಂ ಮೇಲೆ. ಮಳೆ ಬಂದರೆ ಮುಗಿಯಿತು. ಇಂಗ್ಲೆಂಡಿನ ಲೀಕ್ ಅಂಡ್ ಮ್ಯಾನಿಫೋಲ್ಡ್ ಎಂಬ ಎರಡೂವರೆ ಅಡಿ ಮಾರ್ಗದಲ್ಲಿ ದೊಡ್ಡ ಗೇಜಿನ ವ್ಯಾಗನ್ನನ್ನೇ ಹೊತ್ತೊಯ್ಯುವ ತಗ್ಗು ಗಾಡಿ ಮಾಡಿದ್ದರು. ಅದೂ ಕ್ಯಾಲ್‌ತ್ರಾಪ್ ಅವರ ಕೆಲಸವೇ. 1904ರಲ್ಲಿ ತೆರೆದ ಆ ಮಾರ್ಗ 1934ಕ್ಕೇ ಮುಚ್ಚಿತು. ಇಲ್ಲಿ ಈ ರೈಲಿಗೆ ಪೈಪೋಟಿ ಕೊಟ್ಟದ್ದು ಲಾರಿ. ಮಂಡಿಯ ಬಾಗಿಲಲ್ಲಿ ತುಂಬಿಸಿಕೊಂಡು ಇನ್ನೊಂದು ಮಂಡಿಯ ಬಾಗಿಲಲ್ಲಿ ಇಳಿಸುವ ಲಾರಿಯ ಮುಂದೆ ನ್ಯಾರೋಗೇಜ್ ಗೂಡ್ಸ್ ನಿಲ್ಲುವುದು ಕಷ್ಟವೇ ಇತ್ತು. ಕಿರಿ ಗೇಜುಗಳನ್ನು ಬ್ರಾಡ್‌ಗೇಜ್ ಮಾಡಲು 1992ರಲ್ಲಿ ಶುರುವಾದ ಏಕ ಗೇಜ್ ಯೋಜನೆಯನ್ನು ದೂರುವವರು ಈ ಇಳಿಸಿ–ಹತ್ತಿಸುವ ಖರ್ಚನ್ನು ಮರೆಯುತ್ತಾರೆ. ಪರಿವರ್ತನೆ ಸರಿಯಾದ ತೀರ್ಮಾನವೇ. ದಾಖಲೆ ಮಾಡಿಕೊಳ್ಳದೆ ಕಿತ್ತದ್ದು ತಪ್ಪು.

ಈಗ ಅಳೆಯುವ ಮಾತಿಗೆ ಬರೋಣ.

ಹಳೆಯ ಜಾಡು ಎಲ್ಲಿತ್ತು ಎಂದು ತಿಳಿಯಲು ಮೊದಲು ಕಾಗದ ನೋಡಬೇಕು, ಆಮೇಲೆ ಕಾಡು–ಮೇಡು. ಸರ್ವೆ ಆಫ್ ಇಂಡಿಯಾದ ನಕ್ಷೆಗಳಲ್ಲಿ ಈ ಮಾರ್ಗ 57 ಜಿ ಮತ್ತು 57 ಕೆ ಹಾಳೆಗಳಲ್ಲಿ ಬರುತ್ತದೆ. ಬಂಗಾರಪೇಟೆಯ ತುದಿ ಮಾತ್ರ 13 ಡಿಗ್ರಿ ಅಕ್ಷಾಂಶಕ್ಕಿಂತ ಒಂದಿಷ್ಟು ಕೆಳಗಿರುವುದರಿಂದ 57 ಎಲ್‌ನಲ್ಲಿ ಸಿಗುತ್ತದೆ. ಇದು ಗೊತ್ತಿಲ್ಲದೆ ಎರಡೇ ಹಾಳೆ ತರಿಸಿಕೊಂಡವರಿಗೆ ಕೊನೆಯ ತುಣುಕು ಕೈಗೆ ಸಿಗುವುದಿಲ್ಲ. ಅದರ ಜೊತೆ ತಾಲ್ಲೂಕು ಕಚೇರಿಯ ಸರ್ವೆ ಶಾಖೆಯಿಂದ ಗ್ರಾಮನಕ್ಷೆ ಪಡೆದುಕೊಳ್ಳಬೇಕು. ಹೊಲಗಳ ಗಡಿಯನ್ನು ಲೆಕ್ಕಿಸದೆ ಹಾವಿನಂತೆ ಹರಿದುಹೋಗುವ ಕಿರಿದಾದ ಪಟ್ಟಿ ಕಂಡರೆ ಅದರ ಪಹಣಿ ತೆಗೆಸಿ ನೋಡಿ. ರೈಲ್ವೆ ಎಂದು ಬರೆದಿದ್ದು, ಈಗಿನ ಹಳಿ ಅಲ್ಲಿಲ್ಲದಿದ್ದರೆ ಅದು ಬಿಟ್ಟುಹೋದ ಜಾಡು. ಗೇಜ್ ಬದಲಿಸುವಾಗ ಬಿಗಿ ತಿರುವುಗಳನ್ನು ಸಡಿಲಿಸಲೇಬೇಕು, ಹಾಗೆ ಮಾಡಿದ ಕಡೆಯಲ್ಲೆಲ್ಲ ಹಳೆಯ ಏರಿ ಪಕ್ಕಕ್ಕೆ ಸರಿದು ಉಳಿಯುತ್ತದೆ. ಕೆಲವೆಡೆ ಬಂಡಿಜಾಡಾಗಿ, ಕೆಲವೆಡೆ ಹೊಲದ ಬದುವಾಗಿ.

ಅಂಥ ಬದು ನಿಜಕ್ಕೂ ರೈಲಿನದೇ ಎಂದು ಸಾಧಿಸಲು 20 ಮೀಟರಿನ ಹಗ್ಗ, ಒಂದು ಟೇಪು, ಮೂರು ಜನ ಸಾಕು. ಏರಿಯ ಒಂದೇ ಅಂಚಿನ ಎರಡು ಬಿಂದುಗಳ ನಡುವೆ ಹಗ್ಗವನ್ನು ಬಿಗಿಯಾಗಿ ಹಿಡಿಯಿರಿ. ಹಗ್ಗದ ನಟ್ಟನಡುವಿನಿಂದ, ಅಂದರೆ 10 ಮೀಟರಿನಲ್ಲಿ, ಅಂಚಿಗೆ ಎಷ್ಟು ದೂರವಿದೆ ಎಂದು ಅಳೆಯಿರಿ. 50ನ್ನು ಆ ದೂರದಿಂದ, ಮೀಟರಿನಲ್ಲಿ, ಭಾಗಿಸಿದರೆ ತಿರುವಿನ ತ್ರಿಜ್ಯ ಸಿಗುತ್ತದೆ. ದೂರ 29 ಸೆಂ.ಮೀ. ದಾಟಿದರೆ ಆ ತಿರುವಿನಲ್ಲಿ ಬ್ರಾಡ್‌ಗೇಜ್ ಓಡಿರಲಾರದು. 46 ಸೆಂ.ಮೀ. ದಾಟಿದರೆ ಮೀಟರ್‌ಗೇಜೂ ಅಲ್ಲ. ಹಾಗೆಂದು 46ಕ್ಕಿಂತ ಕಡಿಮೆ ಬಂದರೆ ನ್ಯಾರೋಗೇಜ್ ಅಲ್ಲ ಎಂದೇನೂ ಅಲ್ಲ. ಅನುಕೂಲವಿದ್ದ ಕಡೆ ಅವರೂ ಸಡಿಲ ತಿರುವನ್ನೇ ಹಾಕಿದ್ದಾರೆ. ತಪ್ಪುವುದು ಇಲ್ಲಿ: ನೇಗಿಲು, ಟ್ರ್ಯಾಕ್ಟರು ಅಂಚನ್ನು ತಿಂದಿರುತ್ತವೆ, ಒಂದೇ ಅಳತೆಯಲ್ಲಿ ಹತ್ತು ಸೆಂ.ಮೀ. ಹೆಚ್ಚು ಕಡಿಮೆ ಬರುತ್ತದೆ. ತಿರುವಿನುದ್ದಕ್ಕೂ ಹಗ್ಗವನ್ನು 10 ಮೀಟರಿನಂತೆ ಸರಿಸುತ್ತ ನಾಲ್ಕೈದು ಕಡೆ ಅಳೆದು ಸರಾಸರಿ ಹಿಡಿಯಿರಿ. ತಿರುವಿನ ಆರಂಭ, ಕೊನೆಯ ಅಳತೆಗಳನ್ನು ಸೇರಿಸಬೇಡಿ, ಅಲ್ಲಿ ಅರ್ಧ ಹಗ್ಗ ನೇರ ಜಾಡಿನ ಮೇಲಿರುತ್ತದೆ. ಏರಿಯ ತಲೆಯ ಅಗಲವನ್ನೂ ಬರೆದುಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ಇಷ್ಟು ವರ್ಷದ ಮಳೆಗೆ ಯಾವ ಮಣ್ಣಿನ ಏರಿಯೂ ತನ್ನ ಅಗಲ ಉಳಿಸಿಕೊಂಡಿರುವುದಿಲ್ಲ.

ಈಗಿನ ಹಳಿಯ ಕೆಳಗೇ ಹಳೆಯ ಜಾಡು ಇದ್ದರೆ ಮೋರಿಯೊಳಗೆ ಇಣುಕಬೇಕು. ಬೇಸಗೆಯಲ್ಲಿ, ನೀರಿಲ್ಲದಾಗ, ಟಾರ್ಚ್ ಹಿಡಿದು, ರೈಲ್ವೆಯ ಅನುಮತಿ ಪಡೆದೇ. ಹಳಿಯ ಮೇಲೆ ನಡೆಯುವುದು ಬೇಡವೇ ಬೇಡ, ವಿದ್ಯುದೀಕರಣವಾದ ಭಾಗದಲ್ಲಿ ತಂತಿಯ ಹತ್ತಿರ ಉದ್ದನೆಯ ಅಳತೆಗೋಲನ್ನು ಎತ್ತುವುದಂತೂ ಪ್ರಾಣಕ್ಕೇ ಕುತ್ತು. ಮೋರಿಯ ನಡುಭಾಗದಲ್ಲಿ ಗಾರೆಯ ಕಲ್ಲುಕಟ್ಟಡ, ಒಂದು ಅಥವಾ ಎರಡೂ ತುದಿಯಲ್ಲಿ ಕಾಂಕ್ರೀಟಿನ ಪೆಟ್ಟಿಗೆಯೋ ಕೊಳವೆಯೋ ಕಂಡರೆ ನಡುವಿನದು ಹಳೆಯದು. ಏರಿಯ ತಲೆ 3.7ರಿಂದ 6 ಮೀಟರ್ ದಾಟಿದ್ದಕ್ಕೆ ಸುಮಾರು ಎರಡೂವರೆ ಮೀಟರ್ ಉದ್ದ ಬೇಕು. ಏರಿಯನ್ನು ಅರ್ಧ ಮೀಟರ್ ಎತ್ತರಿಸಿದ್ದರೆ ಒಂದಕ್ಕೆ ಎರಡರ ಇಳಿಜಾರಿನಿಂದ ಎರಡು ಬದಿಗೂ ಸೇರಿ ಇನ್ನೆರಡು ಮೀಟರ್. ಆ ಬೆಸುಗೆಯ ಗೆರೆ ಎಲ್ಲಿದೆ, ಹೊಸ ಭಾಗ ಯಾವ ಕಡೆ ಎಷ್ಟು ಉದ್ದ ಎಂಬುದನ್ನು ಅಳೆದರೆ ಹಳೆಯ ಹಳಿಯ ಮಧ್ಯರೇಖೆಯೇ ಗೊತ್ತಾಗುತ್ತದೆ. ಜೋಡಿಹಳಿಗಾಗಿ ಮೋರಿಯನ್ನು ಪೂರ್ತಿ ಕೆಡವಿ ಕಟ್ಟಿದರೆ ಮೊದಲು ಹೋಗುವುದು ಈ ಗೆರೆ.

ಕಂಬಿಗಳು ಈ ಸೀಮೆಯ ಊರೂರಿನಲ್ಲಿ ಬೇಲಿಗೂಟವಾಗಿ, ಚಪ್ಪರದ ಕಂಬವಾಗಿ, ಕೊಟ್ಟಿಗೆಯ ತೊಲೆಯಾಗಿ ನಿಂತಿವೆ. ಗುರುತಿಸುವುದು ಕಷ್ಟವಲ್ಲ. ತಳದಿಂದ ತಲೆಯವರೆಗಿನ ಎತ್ತರ ಅಳೆಯಿರಿ. 60 ಪೌಂಡಿನ ಮೀಟರ್‌ಗೇಜ್ ಕಂಬಿ 114 ಮಿ.ಮೀ., 90 ಪೌಂಡಿನದು 143, ಇಂದಿನ 60 ಕಿಲೋ ಕಂಬಿ 172. 50 ಪೌಂಡಿನದು 105. ನಾಲ್ಕು ಅಂಗುಲಕ್ಕಿಂತ ಗಿಡ್ಡವಾಗಿದ್ದರೆ ಹಗುರ ರೈಲಿನದು. ತುಂಡು ಸಿಕ್ಕಿದರೆ ತೂಕವೇ ಖಚಿತ: ಮೀಟರಿಗೆ ಎಷ್ಟು ಕಿಲೋ ಎಂದು ನೋಡಿ ಎರಡರಿಂದ ಗುಣಿಸಿದರೆ ಗಜಕ್ಕೆ ಎಷ್ಟು ಪೌಂಡ್ ಎಂಬುದು ಹೆಚ್ಚು ಕಡಿಮೆ ಬರುತ್ತದೆ. ತುಕ್ಕು ತಿಂದು ಸ್ವಲ್ಪ ಕಡಿಮೆ ಬರುವುದು ಸಹಜ. ಕಂಬಿಯ ಸೊಂಟದ ಮೇಲೆ, ಅಂದರೆ ತಲೆ–ತಳಗಳ ನಡುವಿನ ತೆಳು ಭಾಗದಲ್ಲಿ, ಕಾರ್ಖಾನೆಯ ಹೆಸರು, ವರ್ಷ, ತೂಕ ಉಬ್ಬಕ್ಷರದಲ್ಲಿ ಇರುತ್ತವೆ. ಅದನ್ನು ಅರದಿಂದಾಗಲಿ ಗ್ರೈಂಡರಿನಿಂದಾಗಲಿ ಉಜ್ಜಬಾರದು. ಒಣಗಿಸಿ, ತೆಂಗಿನನಾರಿನ ಬ್ರಷ್ಷಿನಿಂದ ಉಜ್ಜಿ, ಸೀಮೆಸುಣ್ಣ ಸವರಿ, ಪಕ್ಕದಿಂದ ಬೆಳಕು ಬೀಳುವಾಗ, ಬೆಳಿಗ್ಗೆ ಅಥವಾ ಸಂಜೆ, ಫೋಟೊ ತೆಗೆದರೆ ಓದಲು ಬರುತ್ತದೆ. ಒಂದು ಎಚ್ಚರಿಕೆ: ಕೋಲಾರ ಸೀಮೆಯಲ್ಲಿ ಸಿಕ್ಕ ಹಗುರ ಕಂಬಿಯೆಲ್ಲ ಈ ರೈಲಿನದಲ್ಲ. ಕೆಜಿಎಫ್ ಗಣಿಗಳ ಟ್ರಾಲಿ ಹಳಿಗೂ ಅಂಥದೇ ಗಿಡ್ಡ ಕಂಬಿ ಬಳಸುತ್ತಿದ್ದರು. ಬಂಗಾರಪೇಟೆ ಸುತ್ತಮುತ್ತ ಸಿಕ್ಕಿದ್ದನ್ನು ಬೇರೆ ಆಧಾರವಿಲ್ಲದೆ ರೈಲಿನ ಪಾಲಿಗೆ ಬರೆಯಬಾರದು.

ಆ ಬೇರೆ ಆಧಾರ ಸ್ಲೀಪರಿನ ತೂತು. ಹಳೆಯ ಮನೆಗಳ ಬಾಗಿಲ ಮೇಲಿನ ಅಡ್ಡಮರ, ಅಂಗಡಿಯ ಮೆಟ್ಟಿಲು, ಕಣಜದ ಕಾಲು, ಎಲ್ಲೆಲ್ಲೋ ಸ್ಲೀಪರ್ ಸೇರಿಕೊಂಡಿದೆ. ಗೇಜ್ ಎಂದರೆ ಎರಡು ಕಂಬಿಗಳ ತಲೆಯ ಒಳಮುಖಗಳ ನಡುವಿನ ದೂರ. ಕಂಬಿಯ ತಳ ತಲೆಗಿಂತ ಅಗಲ, ಡಾಗ್‌ಸ್ಪೈಕ್ ಮೊಳೆ ತಳದ ಅಂಚಿಗೆ ಕೂರುತ್ತದೆ. ಹಾಗಾಗಿ 762 ಮಿ.ಮೀ. ಗೇಜಿನಲ್ಲಿ ಒಳಗಿನ ಎರಡು ತೂತುಗಳ ನಡುವೆ ಸುಮಾರು 71 ಸೆಂ.ಮೀ., ಹೊರಗಿನ ಎರಡರ ನಡುವೆ 89–90 ಸೆಂ.ಮೀ. ಬರುತ್ತದೆ. ಮೀಟರ್‌ಗೇಜಿನಲ್ಲಿ 60 ಪೌಂಡಿನ ಕಂಬಿ ಹಿಡಿದರೆ ಒಳಗಿನದು 93, ಹೊರಗಿನದು 118ರ ಆಸುಪಾಸು. ಈ ಎರಡು ಅಳತೆಗಳು ಒಂದಕ್ಕೊಂದು ತಾಗುವುದೇ ಇಲ್ಲ, ಗೊಂದಲಕ್ಕೆ ಜಾಗವಿಲ್ಲ. ಒಂದೇ ಜಾಗದಲ್ಲಿ ಮೂರ್ನಾಲ್ಕು ತೂತುಗಳ ಗುಂಪಿದ್ದರೆ ಗಾಬರಿಯಾಗಬೇಡಿ. ಮೊಳೆ ಸಡಿಲವಾದಾಗ ಪಕ್ಕಕ್ಕೆ ಹೊಡೆದದ್ದು. ತೂತಿನೊಳಗೆ ಬೇರೆ ಬಣ್ಣದ ಮರದ ಬೆಣೆ ಕಂಡರೆ ಹಳಿ ನೋಡಿಕೊಳ್ಳುತ್ತಿದ್ದ ಆ ಗ್ಯಾಂಗಿನ ಮೇಸ್ತ್ರಿ ಕೆಲಸ ಬಲ್ಲವನು ಎಂದೇ ಅರ್ಥ, ಬೆಣೆ ತುಂಬದೆ ಬಿಟ್ಟ ತೂತಿಗೆ ನೀರಿಳಿದು ಮರ ಒಳಗಿನಿಂದ ಕೊಳೆಯುತ್ತದೆ.

ಈ ಗ್ಯಾಂಗ್‌ಗಳ ಕೆಲಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಕಿರಿ ಗೇಜಿನ ಹಳಿ ಅಂದರೆ ಕಿರಿ ಕೆಲಸ ಎಂದು ತಿಳಿದವರಿದ್ದಾರೆ. ಲೆಕ್ಕ ಹಾಗಿಲ್ಲ. ಒಂದು ಕಂಬಿ ಇನ್ನೊಂದಕ್ಕಿಂತ 10 ಮಿ.ಮೀ. ಕುಸಿದರೆ ಬ್ರಾಡ್‌ಗೇಜ್ ಗಾಡಿ ಡಿಗ್ರಿಯ ಮೂರನೇ ಒಂದು ಭಾಗ ವಾಲುತ್ತದೆ, ನ್ಯಾರೋಗೇಜ್ ಗಾಡಿ ಮುಕ್ಕಾಲು ಡಿಗ್ರಿಯಷ್ಟು. ಅಗಲವಾದ ಡಬ್ಬಿ, ಕಿರಿದಾದ ಕಾಲು. ಅದಕ್ಕೇ ಮಟ್ಟದ ತಪ್ಪಿಗೆ ಇಲ್ಲಿ ಶಿಕ್ಷೆ ಇಮ್ಮಡಿ. ಬೇಸಗೆಯಲ್ಲಿ ಇನ್ನೊಂದು ಪಾಡು. 30 ಅಡಿಯ ಕಂಬಿ 40 ಡಿಗ್ರಿ ಬಿಸಿ ಏರಿದರೆ 4 ಮಿ.ಮೀ.ಗೂ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಕೀಲಿನಲ್ಲಿ ಅಷ್ಟು ಸಂದು ಬಿಟ್ಟಿರಬೇಕು, ಬಿಟ್ಟ ಸಂದು ಮುಚ್ಚಿಕೊಳ್ಳುವಂತೆಯೂ ಇರಬೇಕು. ಕೀಲಿನಲ್ಲಿ ಎರಡು ಕಂಬಿಗಳನ್ನು ಜೋಡಿಸುವ ಫಿಶ್‌ಪ್ಲೇಟ್ ಎಂಬ ಉಕ್ಕಿನ ಪಟ್ಟಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ–ಗ್ರಾಫೈಟ್ ಸವರದಿದ್ದರೆ ತುಕ್ಕು ಹಿಡಿದು ಕೀಲು ಬಿಗಿದುಕೊಳ್ಳುತ್ತದೆ. ಆಗ ಸಂದು ಇದ್ದೂ ಉಪಯೋಗವಿಲ್ಲ, ಮಧ್ಯಾಹ್ನದ ಹೊತ್ತಿಗೆ ಹಳಿ ಪಕ್ಕಕ್ಕೆ ಉಬ್ಬುತ್ತದೆ. ಉಬ್ಬನ್ನು ತಡೆಯುವುದು ಸ್ಲೀಪರಿನ ತುದಿಯಲ್ಲಿ ಒಟ್ಟಿದ ಜಲ್ಲಿ. ಹಗುರ ರೈಲಿನಲ್ಲಿ ಮೊದಲು ಮಿಗಿಸುವುದೂ ಅದನ್ನೇ. ಕಾಸು ಉಳಿಸಲು ಮಣ್ಣು–ಮರಳಿನಲ್ಲಿ ಸ್ಲೀಪರ್ ಹೂತರೆ ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಗೆದ್ದಲು.

ನಿಲ್ದಾಣಗಳ ದುರಸ್ತಿಯ ಬಗ್ಗೆ ನಮಗಿರುವ ಅಳುಕು ಒಂದೇ, ಸಿಮೆಂಟು. ಮಾರ್ಗದುದ್ದಕ್ಕೂ ಮುಂದೆ ಬೇರೆ ಬೇರೆ ಗುತ್ತಿಗೆದಾರರು ಕೈಹಾಕಿದಾಗ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತುವ ಅಪಾಯವಿದೆ. ಸುಣ್ಣದ ಗೋಡೆ ನೆಲದ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ. ಉಪ್ಪು ಒಳಗೇ ಹರಳುಗಟ್ಟಿ ಕೆಲವೇ ವರ್ಷಗಳಲ್ಲಿ ಇಟ್ಟಿಗೆಯ ಮುಖವನ್ನೇ ಕಿತ್ತುಕೊಂಡು ಗಿಲಾವು ಉದುರುತ್ತದೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಕನಿಷ್ಠ ಎರಡು ಮೂರು ವಾರ ನೆನೆಯಿಟ್ಟು, ಒಂದಕ್ಕೆ ಮೂರು ಮರಳು ಬೆರೆಸಿ, ಒಂದು ಪದರಕ್ಕೆ 10–12 ಮಿ.ಮೀ. ಮೀರದಂತೆ ಬಳಿಯಬೇಕು. ಪ್ರತಿ ಪದರವನ್ನೂ ಒದ್ದೆ ಗೋಣಿಯಿಂದ ತಂಪಾಗಿಡಬೇಕು. ನಿಧಾನದ ಕೆಲಸ, ಆದ್ದರಿಂದಲೇ ತಪ್ಪಿಸಿಕೊಳ್ಳುತ್ತಾರೆ.

ನಂದಿ ಹಾಲ್ಟ್‌ನಂಥ ನಿಲ್ದಾಣದ ಅಂಗಳದಲ್ಲಿ ಎರಡು ಕಂಬಿಯುದ್ದದಷ್ಟು, ಸುಮಾರು 18 ಮೀಟರ್, ನಿಜವಾದ ನ್ಯಾರೋಗೇಜ್ ಹಳಿಯನ್ನು ಹಾಸಬೇಕೆಂಬುದು ನಮ್ಮ ಇನ್ನೊಂದು ಸಲಹೆ. ಖರ್ಚು ದೊಡ್ಡದಲ್ಲ. 35 ಪೌಂಡಿನ 30 ಅಡಿ ಕಂಬಿ ನಾಲ್ಕು, ಒಟ್ಟು ಸುಮಾರು 640 ಕಿಲೋ. 5 ಅಡಿಯ ಸ್ಲೀಪರ್ 26, ಡಾಗ್‌ಸ್ಪೈಕ್ 104. ಕೀಲು ಎರಡು, ಅವಕ್ಕೆ ಫಿಶ್‌ಪ್ಲೇಟ್ ಎರಡು ಜೊತೆ, ಬೋಲ್ಟು 8. ಎರಡು ಮೀಟರ್ ಅಗಲ, 15 ಸೆಂ.ಮೀ. ದಪ್ಪಕ್ಕೆ ಜಲ್ಲಿ ಐದೂವರೆ ಘನ ಮೀಟರ್. ಕೀಲಿನ ಎರಡು ಕಡೆಯ ಸ್ಲೀಪರುಗಳನ್ನು ಹತ್ತಿರ ಹತ್ತಿರ ಇಡಬೇಕು, ನಡುವಿನವು ಸಮದೂರ. ಮೊದಲು ಒಂದು ಸಾಲಿನ ಕಂಬಿಗೆ ಮೊಳೆ ಹೊಡೆದು ನೇರ ಮಾಡಿಕೊಂಡು, ಆಮೇಲೆ 762 ಮಿ.ಮೀ.ಗೆ ಕತ್ತರಿಸಿದ ಗೇಜ್‌ಪಟ್ಟಿ ಇಟ್ಟು ಎರಡನೆಯ ಸಾಲು. ಪಟ್ಟಿಯನ್ನು ತಲೆಯ ಮೇಲ್ಮೈಯಿಂದ 13–14 ಮಿ.ಮೀ. ಕೆಳಗೆ ಹಿಡಿಯಬೇಕು. ಮೊಳೆ ಹೊಡೆಯುವ ಮೊದಲು ಅದಕ್ಕಿಂತ ತೆಳುವಾದ ಭೈರಿಗೆಯಲ್ಲಿ ತೂತು ಹಾಕದಿದ್ದರೆ ಒಣಮರ ಸೀಳುತ್ತದೆ. ಹಗುರ ಕಂಬಿ ಸಿಗಲಿಲ್ಲವೆಂದು ರೈಲ್ವೆ ಯಾರ್ಡಿನಲ್ಲಿ ಬಿದ್ದಿರುವ 52 ಕಿಲೋ ಕಂಬಿಯನ್ನು 762 ಮಿ.ಮೀ. ಅಂತರಕ್ಕೆ ಹಾಸಿ 'ಪಾರಂಪರಿಕ ಹಳಿ' ಎಂದು ಫಲಕ ಹಾಕುವುದು ಮಾತ್ರ ಬೇಡ. ಹಗುರ ರೈಲು ಎಂದರೇನು ಎಂಬುದು ಆ ಗಿಡ್ಡ ಕಂಬಿಯನ್ನು ನೋಡಿದರೆ ತಿಳಿಯುವಷ್ಟು ಯಾವ ಫಲಕದಿಂದಲೂ ತಿಳಿಯುವುದಿಲ್ಲ.

ಪತ್ರಿಕೆಗಳಿಗೂ ಒಂದು ವಿನಂತಿ. ಶಿವಮೊಗ್ಗ–ತಾಳಗುಪ್ಪ, ಮೈಸೂರು–ಚಾಮರಾಜನಗರ ಮಾರ್ಗಗಳನ್ನು ಹಳೆಯ ನ್ಯಾರೋಗೇಜ್ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಅವು ಮೀಟರ್‌ಗೇಜ್. ಊಟಿಯ ರೈಲೂ ಮೀಟರ್‌ಗೇಜೇ. ಕಾಲ್ಕಾ–ಶಿಮ್ಲಾದ್ದು ಎರಡೂವರೆ ಅಡಿ, ಕೋಲಾರದ ಹಳಿಯ ಅಗಲವೇ. ನಮ್ಮಲ್ಲಿ ಅದಕ್ಕಿಂತಲೂ ಕಿರಿದಾದದ್ದು ಎಂದರೆ ಮಲೆನಾಡಿನ ಕಾಡಂಚಿನ ತರೀಕೆರೆ–ನರಸಿಂಹರಾಜಪುರ ಮಾರ್ಗ, ಅದು 2 ಅಡಿಯದು. ಮೇಲೆ ಹೇಳಿದ ಸ್ಲೀಪರ್ ತೂತಿನ ಲೆಕ್ಕ ಆ ಸೀಮೆಗೆ ಹೊಂದುವುದಿಲ್ಲ, ಎಲ್ಲ ಅಳತೆಗಳಿಂದಲೂ 15 ಸೆಂ.ಮೀ. ಕಳೆಯಬೇಕು.

ದಾಖಲೆ ಮಾಡುವವರು ಪ್ರತಿ ಗುರುತಿಗೂ ಜಿಪಿಎಸ್ ಅಂಕಿ, ಹತ್ತಿರದ ಈಗಿನ ರೈಲ್ವೆ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಅಳತೆಪಟ್ಟಿ ಇಟ್ಟು ತೆಗೆದ ಫೋಟೊ, ಈ ಮೂರನ್ನೂ ಒಟ್ಟಿಗೆ ಇಡಲಿ. ಜೋಡಿಹಳಿ ಬಂದಾಗ ಕಿಲೋಮೀಟರ್ ಕಲ್ಲುಗಳು ಬದಲಾಗಬಹುದು. ಜಿಪಿಎಸ್ ಇಲ್ಲದೆ ಕಲ್ಲಿನ ಸಂಖ್ಯೆಯನ್ನಷ್ಟೇ ಬರೆದಿಟ್ಟರೆ ಆಮೇಲೆ ಜಾಗ ಹುಡುಕಲಾಗುವುದಿಲ್ಲ.

ಇತಿ ತಮ್ಮ ವಿಶ್ವಾಸಿಗಳು,
ಹಳಿ ಕೆಲಸ ಬಲ್ಲ ಇಬ್ಬರು ಓದುಗರು,
ಚಿಂತಾಮಣಿ